ಕಿರಿಯ ಮೇಬೆಲ್‌ಳ ಸಂತತಿ

ಹರಾಜಿನ ಹಿಂದಿನ ದಿನ ಮಧ್ಯಾಹ್ನ ಲೀಟಾ ಡಿಟ್‌ಮರ್ ಹಸುಗಳ ಬಾಲ ಬಾಚುತ್ತಿದ್ದಳು. ಮಂದೆಯ ಹೆರ್‌ಫರ್ಡ್ ತಳಿಯ ದನಗಳೆಲ್ಲ, ಹಸು, ಕಡಸು, ಹೋರಿ, ಕರು ಒಂದನ್ನೂ ಬಿಡದೆ, ಮರುದಿನ ಮಧ್ಯಾಹ್ನ ಮಾರಾಟವಾಗಲಿದ್ದವು. ನೆಬ್ರಾಸ್ಕಾದ ಮರಳುಗುಡ್ಡಗಳ ನಡುವೆ ಅವಳಪ್ಪ ಆಗಸ್ಟ್ ಡಿಟ್‌ಮರ್ ಏಳು ಹಸು, ಒಂದು ಹೋರಿಯಿಂದ ಶುರುಮಾಡಿದ ಮಂದೆ ಅದು. ತಳಿಸಂಘದಲ್ಲಿ ಪ್ರತಿಯೊಂದು ದನದ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ಹೆಸರೂ ನೋಂದಣಿಯಾಗಿತ್ತು. ಅರವತ್ತು ವರ್ಷಕ್ಕೂ ಮೀರಿ ಆ ಮನೆಯವರು ಮಾರುತ್ತಾ ಬಂದದ್ದು ನಿಜವಾಗಿ ಆ ಹೆಸರುಗಳನ್ನು. ಕೊಳ್ಳುವವನಿಗೆ ಹೋರಿ ಕಣ್ಣಿಗೆ ಕಾಣುತ್ತದೆ. ಹೋರಿಯೊಳಗಿನ ರಕ್ತ ಕಾಣುವುದಿಲ್ಲ. ಅದಕ್ಕೆ ಮನೆಯವರ ಮಾತೇ ಆಧಾರ.

ಮಾರಲು ಕಾರಣ ಅವಳ ತಮ್ಮ ಆರ್ಡನ್‌ನ ಎದೆ. ಬೂಷ್ಟು ಹಿಡಿದ ಒಣಹುಲ್ಲಿನ ದೂಳು ಮೂವತ್ತೈದು ಚಳಿಗಾಲ ಅವನ ಶ್ವಾಸಕೋಶ ಸೇರಿತ್ತು. ಇನ್ನೊಂದು ಚಳಿಗಾಲ ದನಗಳಿಗೆ ಹುಲ್ಲು ಹಾಕಿದರೆ ಅದರ ಮುಂದಿನದನ್ನು ಅವನು ನೋಡುವುದಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ಇಬ್ಬರೂ ಮದುವೆಯಾದವರಲ್ಲ. ಹುಲ್ಲುಗಾವಲನ್ನು ಪಕ್ಕದ ಪ್ರೋಕೋಪ್ ಮನೆಯವರಿಗೆ ಗುತ್ತಿಗೆ ಕೊಡುವುದು, ತಾವು ಮನೆಯಲ್ಲಿ ಇರುವುದು, ದನ ಮಾತ್ರ ಹೋಗುವುದು ಎಂದು ಬೇಸಿಗೆಯಲ್ಲೇ ತೀರ್ಮಾನವಾಗಿತ್ತು.

ಲೀಟಾಳಿಗೆ ಐವತ್ತನಾಲ್ಕು. ದಪ್ಪ ಮೂಳೆಯ, ನಿಧಾನದ ಹೆಂಗಸು. ಎಡಗಾಲು ತುಸು ಗಿಡ್ಡ. ಹಸುವೊಂದು ಒದ್ದು ಮುರಿದದ್ದು ಸರಿಯಾಗಿ ಕೂಡಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟೀಚರಾಗಲು ಓದುತ್ತಿದ್ದಾಗ ಅಪ್ಪ ಬಣವೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಒಂದು ಬೇಸಿಗೆಗೆಂದು ಬಂದವಳು ಮತ್ತೆ ಹೋಗಲಿಲ್ಲ. ಕೃಷಿ ಇಲಾಖೆಯ ಒಬ್ಬ ಅವಳನ್ನು ಮದುವೆಯಾಗಿ ಪಟ್ಟಣಕ್ಕೆ ಕರೆದೊಯ್ಯಲು ಕೇಳಿದ್ದ. ಹಸುಗಳು ಈದು ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದಳು. ಪಾಪ, ಅವನು ಎರಡು ವರ್ಷದ ಈಯುವಿಕೆ ಕಾದು, ಮೂರನೆಯದಕ್ಕೆ ಪೋಸ್ಟಾಫೀಸಿನ ಹುಡುಗಿಯನ್ನು ಮದುವೆಯಾದ. ಊರಲ್ಲಿ ಇದನ್ನು ಹೇಳಿ ನಗುವಾಗ ಅವಳೂ ಸೇರಿ ನಗುತ್ತಿದ್ದಳು.

ಆ ಸೀಮೆಯಲ್ಲಿ ಒಬ್ಬರನ್ನು ಹೊಗಳಬೇಕಾದರೆ ಅವರಿಗೆ ಕಣ್ಣಿದೆ ಎನ್ನುತ್ತಾರೆ. ಲೀಟಾಳಿಗೆ ಕಣ್ಣಿತ್ತು. ಹುಟ್ಟಿ ವಾರವಾದ ಕರುವಿನ ಹಣೆ ನೋಡಿ ತಾಯಿ ಯಾರೆಂದು ಹೇಳುತ್ತಿದ್ದಳು. ಯಾವ ಕಡಸನ್ನು ಉಳಿಸಿಕೊಳ್ಳಬೇಕು, ಯಾವುದಕ್ಕೆ ಯಾವ ಹೋರಿ ಎಂಬುದು ಅಪ್ಪ ಬಿದ್ದಂದಿನಿಂದ ಅವಳದೇ ತೀರ್ಮಾನ. ಆರ್ಡನ್ ಬೇಲಿ, ಹುಲ್ಲು, ಯಂತ್ರ ನೋಡಿಕೊಳ್ಳುತ್ತಿದ್ದ. ಅವಳು ಆರಿಸಿದ್ದರಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು ಕಿರಿಯ ಮೇಬೆಲ್ ಎಂಬ ಹಸು. ಒಂಬತ್ತು ವರ್ಷದ ಅದು, ಅದರ ಹೆಣ್ಣುಮಕ್ಕಳು, ಮೊಮ್ಮಕ್ಕಳು ಸೇರಿ ಹನ್ನೊಂದು. ಈ ಸಾಲಿನ ಹಸುಗಳಿಗೆ ಹಾಲು ಹೆಚ್ಚು. ಆ ಹಾಲು ಕುಡಿದ ಕರುಗಳು ಚಳಿಗಾಲಕ್ಕೆ ಮೊದಲು ಬೇರೆಯವುಗಳಿಗಿಂತ ಒಂದು ತಲೆಯಷ್ಟು ಎತ್ತರ ಇರುತ್ತಿದ್ದವು. ಐದು ರಾಜ್ಯಗಳಿಂದ ಜನ ಬರುತ್ತಿದ್ದುದು ಅವನ್ನು ನೋಡಲೆಂದೇ. ಅಚ್ಚಾದ ಹರಾಜಿನ ಪಟ್ಟಿಯಲ್ಲಿ ಮೊದಲ ಹೆಸರು ಕಿರಿಯ ಮೇಬೆಲ್‌ಳದೇ.

ಪಕ್ಕದ ಮನೆಯ ಐಯೋನ್ ಪ್ರೋಕೋಪ್ ಮರುದಿನದ ಊಟಕ್ಕೆಂದು ಸೇಬಿನ ಪೈಗಳನ್ನು ತಂದು ಮನೆಯಲ್ಲಿಟ್ಟು ದೊಡ್ಡಿಯ ಕಡೆ ಬಂದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು. ಐಯೋನ್ ಬೇಲಿಯ ಮೇಲೆ ಮೊಣಕೈ ಊರಿ, ಕಿರಿಯ ಮೇಬೆಲ್‌ಳನ್ನು ಹಿಂದಿನಿಂದ ನೋಡಿ ನಕ್ಕಳು.

"ಇದೇನೇ ಈ ಕೆಚ್ಚಲು. ನಿಮ್ಮ ಹಳೇ ಪೆನ್ನಿ ಮತ್ತೆ ಹುಟ್ಟಿ ಬಂದ ಹಾಗಿದೆ."

ಪೆನ್ನಿ ಎಂದರೆ ಮನೆಯ ಹಾಲಿಗೆಂದು ಅವರು ಸಾಕಿದ್ದ ಕೆಂಪು ಶಾರ್ಟ್‌ಹಾರ್ನ್ ಹಸು. ನೋಂದಣಿಯಿಲ್ಲದ, ಯಾರದೋ ಹಟ್ಟಿಯಿಂದ ಬಂದ ದನ. ಸತ್ತು ಆರು ವರ್ಷವಾಗಿತ್ತು.

"ಪೆನ್ನಿಗೆ ಹೋಲಿಸ್ಬೇಡ ಕಣೇ. ಅವಳು ಒದೀತಿದ್ಲು."

"ಇವಳು ಒದೆಯಲ್ವಾ?"

"ಇವಳೂ ಒದೀತಾಳೆ," ಎಂದಳು ಲೀಟಾ.

ಐಯೋನ್ ಜೋರಾಗಿ ನಗುತ್ತಾ ಹೋದಳು. ಲೀಟಾಳೂ ನಕ್ಕಳು. ಆದರೆ ಬಾಚಣಿಗೆ ಹಿಡಿದ ಕೈ ಮತ್ತೆ ಮೇಲೇಳಲಿಲ್ಲ. ಒದೆಯುವಾಗ ಕಿರಿಯ ಮೇಬೆಲ್ ಬಲಗಾಲನ್ನು ಮೊದಲು ಹೊರಕ್ಕೆ ಚಾಚಿ ಆಮೇಲೆ ಮುಂದಕ್ಕೆ ಬೀಸುತ್ತಿದ್ದಳು. ಪೆನ್ನಿ ಒದೆಯುತ್ತಿದ್ದುದೂ ಹಾಗೆಯೇ.

ಅವಳು ದೊಡ್ಡಿಯಿಂದ ದೊಡ್ಡಿಗೆ ಹೋಗಿ ಹನ್ನೊಂದನ್ನೂ ಮತ್ತೆ ನೋಡಿದಳು, ಈ ಸಲ ಕುತ್ತಿಗೆಯ ಮೇಲ್ಭಾಗವನ್ನು. ಹೆರ್‌ಫರ್ಡ್ ಕರುವಿಗೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಿಳಿ ಬಂದರೆ ಮುಖ, ಎದೆ, ಹೊಟ್ಟೆಯ ಅಡಿಯ ಜೊತೆಗೆ ಕತ್ತಿನ ಹಿಂದೆಯೂ ಒಂದು ಬಿಳಿ ಪಟ್ಟಿ ಮೂಡುತ್ತದೆ. ಒಬ್ಬರಿಂದ ಮಾತ್ರ ಬಂದರೆ ಮುಖ ಬಿಳಿಯಾಗುತ್ತದೆ; ಪಟ್ಟಿ ತಪ್ಪುತ್ತದೆ. ಶುದ್ಧ ತಳಿಯಲ್ಲೂ ಅಲ್ಲೊಂದು ಇಲ್ಲೊಂದರಲ್ಲಿ ಅದು ತಪ್ಪುವುದುಂಟು. ಹಾಗಾಗಿ ಕಿರಿಯ ಮೇಬೆಲ್‌ಳ ಕತ್ತು ಪೂರ್ತಿ ಕೆಂಪಗಿರುವುದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಆದರೆ ಈ ಹನ್ನೊಂದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಪಟ್ಟಿಯಿರಲಿಲ್ಲ. ಉಳಿದ ಇಡೀ ಮಂದೆಯಲ್ಲಿ ಪಟ್ಟಿಯಿಲ್ಲದ್ದು ಮೂರೇ ಮೂರು.

ಕಿರಿಯ ಮೇಬೆಲ್ ಹುಟ್ಟಿದ ಮಾರ್ಚಿನಲ್ಲಿ ಲೀಟಾ ಮನೆಯಲ್ಲಿರಲಿಲ್ಲ. ಕಾಲು ಮುರಿದು ಆಸ್ಪತ್ರೆಯಲ್ಲಿದ್ದಳು. ಆಗಲೇ ಮೂರು ದಿನದ ಹಿಮಗಾಳಿ ಬೀಸಿ ಸೀಮೆಯ ಎಲ್ಲ ಮಂದೆಗಳಲ್ಲೂ ಕರುಗಳು ಸತ್ತವು. ಆರ್ಡನ್ ಒಬ್ಬನೇ ನಿಭಾಯಿಸಿದ್ದ. ಅವಳು ಊರುಗೋಲಿನಲ್ಲಿ ಮನೆಗೆ ಬಂದಾಗ ಅವನು ಹೇಳಿದ್ದು: ಪೆನ್ನಿಯ ಕರು ಸತ್ತಿತು, ಹಿರಿಯ ಮೇಬೆಲ್‌ಳ ಕರು ಉಳಿಯಿತು.

ಅವಳಿಗೆ ಇನ್ನೊಂದು ನೆನಪಾಯಿತು. ಆ ಕರು ದೊಡ್ಡದಾಗಿ ಕಡಸಾದಾಗ ಆರ್ಡನ್ ಅದನ್ನು ಕಟುಕರ ಲಾರಿಗೆ ಹತ್ತಿಸಲು ಎರಡು ಸಲ ನೋಡಿದ್ದ. ಎರಡು ಸಲವೂ ಅವಳು ಅಡ್ಡ ನಿಂತಿದ್ದಳು. ಎರಡನೆಯ ಸಲ, ನಿನ್ನ ಕಣ್ಣು ಟ್ರ್ಯಾಕ್ಟರಿಗೆ ಸರಿ, ದನಕ್ಕಲ್ಲ ಎಂದು ಆಳುಗಳ ಮುಂದೆಯೇ ಮೂದಲಿಸಿದ್ದಳು. ಅವನು ಮುಖ ಕೆಂಪಗೆ ಮಾಡಿಕೊಂಡು ಹಗ್ಗ ಬಿಚ್ಚಿದ್ದ.

ರಾತ್ರಿಯೂಟಕ್ಕೆ ಆಲೂಗಡ್ಡೆ ಮತ್ತು ಹುರಿದ ಮಾಂಸವಿತ್ತು. ಹೊರಗೆ ಇನ್ನೂ ಬೆಳಕಿತ್ತು. ಆರ್ಡನ್ ಎರಡು ತುತ್ತಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು ತಿನ್ನುತ್ತಿದ್ದ. ಲೀಟಾ ತಟ್ಟೆ ಮುಟ್ಟಲಿಲ್ಲ.

"ಆ ವರ್ಷ ಪೆನ್ನಿ ಕರು ಏನಾಯ್ತು?"

"ಯಾವ ವರ್ಷ?"

"ಯಾವ ವರ್ಷ ಅಂತ ನಿಂಗೆ ಗೊತ್ತು."

ಅವನು ಫೋರ್ಕನ್ನು ಕೆಳಗಿಟ್ಟ. ಅದನ್ನು ತಟ್ಟೆಯ ಅಂಚಿಗೆ ನೇರವಾಗಿ ಜೋಡಿಸಿದ. ಉತ್ತರ ಅವಳಿಗೆ ಆಗಲೇ ಸಿಕ್ಕಿತು.

ಆಮೇಲೆ ಅವನು ಹೇಳಿದ್ದು ಇಷ್ಟು. ಹಿಮಗಾಳಿಯ ಎರಡನೆಯ ದಿನ ಹಿರಿಯ ಮೇಬೆಲ್ ಕರು ಹಾಕಿದಳು. ಅವನು ಹೋಗುವಷ್ಟರಲ್ಲಿ ಅದು ಹೆಪ್ಪುಗಟ್ಟಿ ಸತ್ತಿತ್ತು. ಪೆನ್ನಿಯ ಕರು, ಅದೂ ಮಂದೆಯ ಹೋರಿಗೇ ಹುಟ್ಟಿದ ಬಿಳಿ ಮುಖದ ಹೆಣ್ಣು, ಅದಕ್ಕೆ ಒಂದು ದಿನ ಮೊದಲು ಬಂದು ಅಡುಗೆಮನೆಯ ಒಲೆಯ ಪಕ್ಕ ಬೆಚ್ಚಗೆ ಮಲಗಿತ್ತು. ಆ ಸೀಮೆಯಲ್ಲಿ ಇಂಥ ಹೊತ್ತಿಗೆ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಸತ್ತ ಕರುವಿನ ತೊಗಲು ಸುಲಿದು, ಕಾಲು ತೂರಲು ತೂತು ಮಾಡಿ, ಪೆನ್ನಿಯ ಕರುವಿಗೆ ಅಂಗಿಯ ಹಾಗೆ ತೊಡಿಸಿ ದಾರದಿಂದ ಕಟ್ಟಿದ. ಹಸು ತನ್ನ ಕರುವನ್ನು ಗುರುತಿಸುವುದು ವಾಸನೆಯಿಂದ. ಹಿರಿಯ ಮೇಬೆಲ್ ಮೂಸಿ, ಒಮ್ಮೆ ಗುಟುರು ಹಾಕಿ, ಹಾಲು ಕುಡಿಯಲು ಬಿಟ್ಟಳು. ಕೆಲವು ದಿನಗಳ ಮೇಲೆ ತೊಗಲು ಬಿಚ್ಚಿ ಎಸೆದರೂ ಅವಳು ಕರುವನ್ನು ಬಿಡಲಿಲ್ಲ. ಇಷ್ಟರಲ್ಲಿ ತಪ್ಪೇನಿಲ್ಲ. ಸಾಕುಕರು ಎಂದು ಗುರುತು ಮಾಡಿದರೆ ಮುಗಿಯಿತು.

ಆದರೆ ಮೇಲಿನ ಕೋಣೆಯಲ್ಲಿ ಅಪ್ಪ ಮಲಗಿದ್ದ. ಆ ಹಾಸಿಗೆಯಿಂದ ಮತ್ತೆ ಏಳುವವನಲ್ಲ ಎಂದು ಅವನಿಗೂ ಗೊತ್ತಿತ್ತು. ಮೊದಲ ಏಳು ಹಸುಗಳ ಸಾಲಿನಲ್ಲಿ ಉಳಿದವಳು ಹಿರಿಯ ಮೇಬೆಲ್ ಒಬ್ಬಳೇ. ಅದು ಅವಳ ಕೊನೆಯ ಕರು. ಮೇಬೆಲ್ ಈದಳೇ, ಮೇಬೆಲ್ ಈದಳೇ ಎಂದು ಅಪ್ಪ ದಿನವೂ ಕೇಳುತ್ತಿದ್ದ. ಆರ್ಡನ್ ಮೆಟ್ಟಿಲು ಹತ್ತಿ ಹೋಗಿ, ಈದಳು, ಹೆಣ್ಣು ಕರು, ಚೆನ್ನಾಗಿದೆ ಎಂದ. ಅಪ್ಪ, ಇವತ್ತೇ ಕಿವಿಗೆ ಮಂದೆಯ ಗುರುತಿನ ಹಚ್ಚೆ ಚುಚ್ಚು, ಅವಳ ಹೆಸರನ್ನೇ ಇಡು ಎಂದ. ನೋಂದಣಿಯ ಕಾಗದಕ್ಕೆ ಹಾಸಿಗೆಯಲ್ಲೇ ಸಹಿ ಹಾಕಿದ. ಮೇ ತಿಂಗಳಲ್ಲಿ ತೀರಿಕೊಂಡ.

"ಆಮೇಲಾದ್ರೂ ನಂಗೆ ಹೇಳ್ಬಹುದಿತ್ತು," ಎಂದಳು ಲೀಟಾ.

"ನೀ ಊರುಗೋಲಲ್ಲಿ ನಿಂತ್ಕೊಂಡು, ನಮ್ಮಲ್ಲಿ ಹುಟ್ಟಿರೋದ್ರಲ್ಲಿ ಇದೇ ಒಳ್ಳೇ ಕರು ಅಂದೆ. ಅಪ್ಪನ್ನ ಮಣ್ಣು ಮಾಡಿ ಎರಡು ದಿನ ಆಗಿರ್ಲಿಲ್ಲ. ಏನ್ ಹೇಳ್ಲಿ?" ಅವನು ಉಸಿರಿಗಾಗಿ ಕಾದ. "ಎರಡು ಸಲ ಮಾರೋಕೆ ಹೊರಟೆ. ನೀ ಬಿಡ್ಲಿಲ್ಲ."

"ಯಾಕೆ ಮಾರ್ತೀನಿ ಅಂತ ನೀ ಹೇಳ್ಲಿಲ್ಲ."

 ಆಮೇಲೆ ಆರ್ಡನ್ ಲೆಕ್ಕ ಒಪ್ಪಿಸುವವನಂತೆ ಒಂದೊಂದಾಗಿ ಹೇಳತೊಡಗಿದ. ಆ ಹಸುಗಳು ನಿಜವಾಗಿಯೂ ಒಳ್ಳೆಯವು. ಕೊಂಡವನಿಗೆ ಹಾಲಿನಲ್ಲಾಗಲಿ ಕರುವಿನಲ್ಲಾಗಲಿ ನಷ್ಟವಿಲ್ಲ. ವಿಷಯ ಗೊತ್ತಿರುವವರು ಈ ಮೇಜಿನ ಎರಡು ಬದಿಯಲ್ಲಿ ಕೂತವರು ಮಾತ್ರ. ಬಾಯಿ ಬಿಟ್ಟರೆ ಆ ಹನ್ನೊಂದಷ್ಟೇ ಹೋಗುವುದಿಲ್ಲ. ಉಳಿದ ನೂರಮೂವತ್ತರ ಮೇಲೂ ಅನುಮಾನ ಬರುತ್ತದೆ. ಆ ಸಾಲಿನ ಹೋರಿ ಕೊಂಡುಹೋದ ವಯೋಮಿಂಗ್‌ನ ವೆಂಡಲ್ ಸ್ಟಕ್ಕಿ ನಾಳೆ ಮುಂದಿನ ಸಾಲಿನಲ್ಲೇ ಕೂತಿರುತ್ತಾನೆ.

"ನಾಳೆ ಸಂಜೆಗೆ ಎಲ್ಲಾ ಮುಗ್ದಿರತ್ತೆ, ಲೀಟಾ."

"ಮುಗಿಯೋದು ನಮಗೆ," ಎಂದಳು ಅವಳು. "ಕೊಂಡೋರಿಗೆ ಶುರು."

ಅವನು ಎದ್ದ. ಹಸುಗಳಿಗೆ ನೀರು ಬಿಟ್ಟಿದೆಯೇ ನೋಡಿ ಬರುತ್ತೇನೆ ಎಂದ. ನೀರನ್ನು ಅವಳೇ ಬಿಟ್ಟಿದ್ದಳು. ಅದು ಅವನಿಗೂ ಗೊತ್ತಿತ್ತು.

ತಾನು ನ್ಯಾಯದ ಪರ, ತಮ್ಮ ಸುಳ್ಳಿನ ಪರ ಎಂದು ಎಣಿಸಿಕೊಳ್ಳಲು ಲೀಟಾಳಿಂದ ಆಗಲಿಲ್ಲ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಮೂವತ್ತೈದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಇದು ಇರಲಿ, ಅದು ಹೋಗಲಿ ಎಂದು ಆರಿಸುವುದು. ಆ ಆಯ್ಕೆಗೆಲ್ಲ ಸಾಕ್ಷಿಯಾಗಿ ಕಣ್ಣೆದುರು ನಿಂತದ್ದು ಈ ಹನ್ನೊಂದು. ಅವು ಡಿಟ್‌ಮರ್ ಮಂದೆಯವಲ್ಲ ಎಂದು ತನ್ನ ಬಾಯಿಂದಲೇ ಹೇಳಿದರೆ, ನಾಳೆ ಆ ಮಂದೆ ಚದುರುವಾಗ ತನ್ನದು ಎನ್ನುವುದು ಏನು ಉಳಿಯುತ್ತದೆ? ಹೇಳದಿದ್ದರೆ ಅವು ತನ್ನ ಹೆಸರಿನಲ್ಲೇ ಹೋಗುತ್ತವೆ. ಆದರೆ ಹೋಗುವುದು ಸುಳ್ಳಾಗಿ. ಪಾತ್ರೆ ತೊಳೆಯುತ್ತಾ ಅವಳು ಈ ಎರಡನ್ನೂ ಮತ್ತೆ ಮತ್ತೆ ತೂಗಿದಳು. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ.

ಬೆಳಿಗ್ಗೆ ಆರ್ಡನ್ ಅವಳಿಗಿಂತ ಮೊದಲೇ ಎದ್ದ. ಕಾಫಿ ಕುಡಿದು ದೊಡ್ಡಿಗೆ ಹೋದ. ಒಂಬತ್ತರ ಹೊತ್ತಿಗೆ ಹರಾಜುಗಾರ ಮರ್ಲ್ ಟೀಡ್ ಬಂದ. ಹರಾಜುಗಾರರನ್ನೆಲ್ಲ ಅಲ್ಲಿ ಕರ್ನಲ್ ಎಂದೇ ಕರೆಯುವುದು. ಟೀಡ್ ಸೈನ್ಯದಲ್ಲಿದ್ದದ್ದು ಅಡುಗೆಯವನಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಮೂವತ್ತು ವರ್ಷ ಡಿಟ್‌ಮರ್ ಹೋರಿಗಳನ್ನು ಮಾರಿಕೊಟ್ಟವನು ಅವನು. ಯಂತ್ರದ ಕೊಟ್ಟಿಗೆಯನ್ನು ತೆರವು ಮಾಡಿ, ನಡುವೆ ಕಬ್ಬಿಣದ ಬೇಲಿ ಹಾಕಿ, ಮರದ ಹೊಟ್ಟು ಹರಡಿ, ಮೂರು ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಬೆಂಚು ಹಾಕಿದ್ದರು. ನಾಲ್ಕನೆಯ ಬದಿಯಲ್ಲಿ ಹರಾಜಿನ ಕಟ್ಟೆ. ಅವನ ಬಾಯಿಂದ ಸುಳ್ಳು ಹೇಳಿಸಲು ಮನಸ್ಸು ಬಾರದೆ ಲೀಟಾ ಅಲ್ಲೇ ಅವನಿಗೆ ವಿಷಯ ಹೇಳಿದಳು.

ಟೀಡ್ ಟೋಪಿ ತೆಗೆದು ಅದರೊಳಗೆ ಇಣುಕಿ ನೋಡಿ ಮತ್ತೆ ಹಾಕಿಕೊಂಡ. ಕೆಟ್ಟ ಮನುಷ್ಯನಲ್ಲ. ಆ ಹನ್ನೊಂದನ್ನೂ ಹರಾಜಿನಿಂದ ಹಿಂದಕ್ಕೆ ತೆಗೆದುಬಿಡು, ಕಾಲು ಕುಂಟುತ್ತಿವೆ ಎನ್ನೋಣ ಎಂದ. ಹನ್ನೊಂದೂ ಒಂದೇ ದಿನ ಕುಂಟುತ್ತವೆಯೇ ಎಂದು ಅವಳು ಕೇಳಿದಳು. ಹಾಗಾದರೆ ಮಾರಿಬಿಡೋಣ, ಮುಂದಿನ ವಾರ ತಳಿಸಂಘಕ್ಕೆ ಬರೆದು ಸರಿಪಡಿಸೋಣ ಎಂದ. ಅವಳು ಅದಕ್ಕೂ ಬೇಡವೆಂದು ತಲೆಯಾಡಿಸಿದಳು.

"ನೀ ಹೇಳೋದಾದ್ರೆ ನಾ ತಡಿಯಲ್ಲ," ಎಂದ ಟೀಡ್. "ಆದ್ರೆ ನಾ ಹೇಳಲ್ಲ. ಇಂಥ ಮಾತು ಮನೆಯವರ ಬಾಯಿಂದ್ಲೇ ಬರ್ಬೇಕು. ಅದೂ ಮೊದಲನೇ ದನ ಒಳಗೆ ಬರೋಕೆ ಮುಂಚೆ. ಒಂದು ಮಾರಿ ಆದ್ಮೇಲೆ ಹೇಳಿದ್ರೆ ಅದು ಬೇರೇನೇ ಆಗತ್ತೆ."

ಹನ್ನೆರಡಕ್ಕೆ ಅಂಗಳದ ತುಂಬ ಪಿಕಪ್ಪುಗಳು, ದನದ ಟ್ರೇಲರುಗಳು. ಚರ್ಚಿನ ಹೆಂಗಸರು ಮಾಂಸದ ಬನ್ನು, ಬೇಯಿಸಿದ ಬೀನ್ಸ್, ಪೈ ಹಂಚುತ್ತಿದ್ದರು. ಲೀಟಾ ಕಾಫಿಯ ಹಂಡೆಯ ಹಿಂದೆ ನಿಂತಿದ್ದಳು. ಜನ ಬಂದು ಕೈಕುಲುಕಿದರು. ಆಗಸ್ಟ್ ಇದ್ದಿದ್ದರೆ ಇದನ್ನು ನೋಡಲಾರದೆ ಕೊರಗುತ್ತಿದ್ದ ಎಂದರು. ವೆಂಡಲ್ ಸ್ಟಕ್ಕಿ ಬಂದ. ಅರವತ್ತು ದಾಟಿದ ಉದ್ದನೆಯ ಮನುಷ್ಯ. ಒಗೆದು ಇಸ್ತ್ರಿ ಮಾಡಿದ ನೀಲಿ ಶರಟು. ಕಿರಿಯ ಮೇಬೆಲ್‌ಳ ಮಗ ಅವನ ಮಂದೆಯಲ್ಲಿ ನಾಲ್ಕು ವರ್ಷ ಹೋರಿಯಾಗಿತ್ತು.

"ಇವತ್ತು ಅವಳನ್ನ ಕರ್ಕೊಂಡೇ ಹೋಗೋದು," ಎಂದ. "ಒಂದು ವಿಷ್ಯ ಕೇಳ್ಬೇಕು ಅಂತ ಎಷ್ಟೋ ದಿನದಿಂದ ಇತ್ತು. ಈ ಹಾಲು ಎಲ್ಲಿಂದ ಬಂತು ಇವಕ್ಕೆ? ನಿಮ್ಮಪ್ಪನ ಹಳೇ ಸಾಲಲ್ಲೆಲ್ಲಾ ನೋಡ್ದೆ. ಎಲ್ಲೂ ಕಾಣ್ಲಿಲ್ಲ."

ಲೀಟಾಳ ಕೈಯಲ್ಲಿದ್ದ ಲೋಟ ತುಂಬಿ ಕಾಫಿ ತಟ್ಟೆಗೆ ಚೆಲ್ಲಿತು. "ಒಂದು ಗಂಟೆಗೆ ಹೇಳ್ತೀನಿ," ಎಂದಳು.

ಅವನು ತಮಾಷೆಯೆಂದುಕೊಂಡ. "ವ್ಯಾಪಾರದ ಗುಟ್ಟು," ಎಂದು ಪಕ್ಕದವನಿಗೆ ಕಣ್ಣು ಮಿಟುಕಿಸಿ ಮುಂದಿನ ಸಾಲಿಗೆ ಹೋಗಿ ಕೂತ.

ಒಂದು ಗಂಟೆಗೆ ಬೆಂಚುಗಳೆಲ್ಲ ತುಂಬಿ ಹಿಂದೆ ಜನ ನಿಂತಿದ್ದರು. ಆರ್ಡನ್ ಬೇಲಿಯ ಆಚೆ, ದನ ಒಳಗೆ ಬಿಡುವ ಗೇಟಿನ ಬಳಿಯಿದ್ದ. ಅವನ ಹಿಂದೆ ಕಿರಿಯ ಮೇಬೆಲ್ ನಿಂತಿದ್ದಳು. ಟೀಡ್ ಮೈಕು ತಟ್ಟಿ, ಎಲ್ಲ ಹರಾಜಿನಲ್ಲೂ ಓದುವ ನಿಯಮಗಳನ್ನು ಓದಿದ. ದುಡ್ಡು ಕೊಡುವ ಕ್ರಮ, ಲಾರಿಗೆ ಹತ್ತಿಸುವ ಕ್ರಮ, ದನದ ಆರೋಗ್ಯ. ಕೊನೆಯಲ್ಲಿ, ಕಟ್ಟೆಯ ಮೇಲಿಂದ ಹೇಳಿದ ಮಾತು ಅಚ್ಚಾದ ಪಟ್ಟಿಗಿಂತ ಮೇಲು ಎಂದ. ಸಾಮಾನ್ಯವಾಗಿ ಯಾರೂ ಕಿವಿಗೊಡದ ವಾಕ್ಯ ಅದು. ಇಂಥ ಹಸು ಗಬ್ಬ ನಿಂತಿಲ್ಲ, ಇಂಥ ಹೋರಿಯ ತೂಕ ತಪ್ಪಾಗಿ ಅಚ್ಚಾಗಿದೆ ಎಂಬಂಥ ತಿದ್ದುಪಡಿಗಳಿಗೆ ಇರುವುದು.

"ಮನೆಯವರು ಎರಡು ಮಾತು ಹೇಳ್ತಾರೆ," ಎಂದು ಟೀಡ್ ಪಕ್ಕಕ್ಕೆ ಸರಿದ. ಜನ ಚಪ್ಪಾಳೆ ತಟ್ಟಿದರು. ಕೊನೆಯ ಹರಾಜಿನಲ್ಲಿ ಮನೆಯವರು ನೆರೆಯವರಿಗೆ ಕೃತಜ್ಞತೆ ಹೇಳುವುದು ವಾಡಿಕೆ.

ಲೀಟಾ ಮೆಟ್ಟಿಲು ಹತ್ತಿದಳು. ಒಮ್ಮೆಗೆ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಮಂದಿಯ ಮುಂದೆ ಅವಳು ಎಂದೂ ಮಾತಾಡಿದವಳಲ್ಲ.  ಆರ್ಡನ್‌ನ ಕಡೆ ನೋಡಿದಳು. ಅವನು ಗೇಟಿನ ಸರಪಳಿ ಹಿಡಿದು ನೆಲ ನೋಡುತ್ತಿದ್ದ. ಈಗ ಬೇಕಾದರೆ ಥ್ಯಾಂಕ್ಸ್ ಹೇಳಿ ಇಳಿದುಬಿಡಬಹುದಿತ್ತು. ಹಾಗೆ ಇಳಿದಿದ್ದರೆ ಅವನು ಸರಪಳಿ ಎಳೆಯುತ್ತಿದ್ದ, ಹಸು ಒಳಗೆ ಬರುತ್ತಿತ್ತು, ಆಮೇಲೆ ಹೇಳಲು ದಾರಿಯೇ ಇರುತ್ತಿರಲಿಲ್ಲ.

"ಪಟ್ಟಿಯಲ್ಲಿ ಮೊದಲನೇದು, ಕಿರಿಯ ಮೇಬೆಲ್," ಎಂದಳು. ಮೈಕಿನಲ್ಲಿ ತನ್ನ ದನಿ ಬೇರೆಯವರದೆನಿಸಿತು. "ಅವಳ ತಾಯಿ ಹಿರಿಯ ಮೇಬೆಲ್ ಅಂತ ಅಚ್ಚಾಗಿದೆ. ಅದು ತಪ್ಪು. ಹಿರಿಯ ಮೇಬೆಲ್ ಕರು ಹಿಮದಲ್ಲಿ ಸತ್ತಿತ್ತು. ಇದು ನಮ್ಮ ಮನೆ ಹಾಲಿನ ಹಸೂದು. ಶಾರ್ಟ್‌ಹಾರ್ನ್. ಸತ್ತ ಕರು ತೊಗಲು ಹಾಕಿ ಕುಡಿಸಿದ್ದು, ಹಚ್ಚೆ ಹಾಕುವಾಗ ಹೇಳ್ಲಿಲ್ಲ. ನಂಗೆ ನಿನ್ನೆ ಸಂಜೆ ಗೊತ್ತಾಯ್ತು." ಆಮೇಲೆ ಹನ್ನೊಂದರ ಸಂಖ್ಯೆಗಳನ್ನೂ ಒಂದೊಂದಾಗಿ ಹೇಳಿದಳು. ಅವು ಕಾಗದವಿಲ್ಲದೆ, ಬರೀ ದನವಾಗಿ, ಕೊನೆಯಲ್ಲಿ ಮಾರಾಟವಾಗುತ್ತವೆ ಎಂದಳು. ಈ ಸಾಲಿನ ಎರಡು ಹೋರಿ ಹಿಂದೆಯೇ ಹೊರಗೆ ಹೋಗಿವೆ, ಕೊಂಡವರಿಗೆ ತಾನೇ ಬಂದು ಹೇಳಬೇಕಿತ್ತು, ಸಮಯ ಸಿಗಲಿಲ್ಲ ಎಂದಳು. ಇಷ್ಟಾಗುವಾಗ ಅವಳು ಮುಂದಿನ ಸಾಲಿನ ನೀಲಿ ಶರಟಿನ ಕಡೆ ನೋಡಲಿಲ್ಲ.

 ಹಿಂದಿನಿಂದ ಒಬ್ಬ ಕೇಳಿದ, ದನಿ ಒರಟಾಗಿರಲಿಲ್ಲ: "ಇದೊಂದೇನಾ? ಮಿಕ್ಕಿದ್ದರ ಕಥೆ ಏನು?"

ಲೀಟಾ ಬಾಯಿ ತೆರೆದಳು. ಆದರೆ ಉತ್ತರ ಬಂದದ್ದು ಗೇಟಿನ ಕಡೆಯಿಂದ.

"ಒಂದೇ," ಎಂದ ಆರ್ಡನ್. ಮೈಕಿಲ್ಲದೆ ಅವನ ದನಿ ಅಷ್ಟು ದೂರ ಹೋಗುತ್ತಿರಲಿಲ್ಲ. ಜನ ಕತ್ತು ಹೊರಳಿಸಿ, ಉಸಿರು ಬಿಗಿಹಿಡಿದು ಕೇಳಿದರು. "ಮಾಡಿದ್ದು ನಾನು. ಅವಳಾಗ ಆಸ್ಪತ್ರೆಲಿದ್ಲು." ಅವನು ಉಸಿರೆಳೆದುಕೊಂಡ. "ಒಂಬತ್ತು ವರ್ಷ ಅವಳಿಗೂ ಹೇಳ್ಲಿಲ್ಲ. ಬೇರೆ ಯಾವುದರಲ್ಲೂ ಇಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು." ಮತ್ತೆ ಉಸಿರೆಳೆದುಕೊಂಡು ಹಸುವನ್ನು ಹಿಂದಕ್ಕೆ ತಿರುಗಿಸಿದ, ಎರಡನೆಯ ಸಂಖ್ಯೆಯದನ್ನು ತರಲು ಹೋದ.

ಜನ ಎದ್ದರು, ಎಲ್ಲರೂ ಅಲ್ಲ. ಕಾನ್ಸಸ್‌ನಿಂದ ಬಂದಿದ್ದ ಇಬ್ಬರು ಪಟ್ಟಿಯನ್ನು ಬೆಂಚಿನ ಮೇಲಿಟ್ಟು ಹೊರನಡೆದರು. ಅವರ ಹಿಂದೆ ಇನ್ನೂ ಕೆಲವರು. ಹೊರಗೆ ಪಿಕಪ್ಪುಗಳು ಹೊರಡುವ ಸದ್ದು ಕೇಳಿಸಿತು. ಸ್ಟಕ್ಕಿ ಏಳಲಿಲ್ಲ. ಕೈಕಟ್ಟಿ, ಬೇಲಿಯೊಳಗಿನ ಖಾಲಿ ನೆಲವನ್ನು ನೋಡುತ್ತಾ ಕೂತಿದ್ದ. ಮುಖ ಮರದ ಹಲಗೆಯಂತಿತ್ತು.

ಎರಡನೆಯ ಸಂಖ್ಯೆಯ ಹಸು ಒಳಗೆ ಬಂತು. ಟೀಡ್ ಬೆಲೆ ಕೂಗಿದ. ಯಾರೂ ಕೈ ಎತ್ತಲಿಲ್ಲ. ಇಳಿಸಿ ಕೂಗಿದ. ಮತ್ತೂ ಇಳಿಸಿದ. ಅವನ ನಾಲಗೆಯ ಓಟ ಅಲ್ಲಲ್ಲಿ ಮುಗ್ಗರಿಸಿತು. ಹಸು ಸುತ್ತು ಹಾಕಿ ಲೀಟಾಳನ್ನು ಕಂಡು ಬೇಲಿಗೆ ಮೂತಿ ತಂದಿಟ್ಟಿತು. ಕಟ್ಟೆಯ ಮೇಲೆ ಅವಳು ಬೆರಳುಗಳನ್ನು ಬಿಗಿಯಾಗಿ ಹೆಣೆದುಕೊಂಡು ನಿಂತಿದ್ದಳು. ಇಳಿಯುವುದು ಹೇಗೆಂದು ಅವಳಿಗೆ ಹೊಳೆಯಲಿಲ್ಲ.

ಕೊನೆಗೆ ಮೇಲಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೈಯಲ್ಲಿದ್ದ ಹರಾಜಿನ ಪಟ್ಟಿಯನ್ನು ಎತ್ತಿ ಆ ಬೆಲೆಗೆ ಒಪ್ಪಿದಳು. ಬೇಲಿಯ ಪಕ್ಕದ ಸಹಾಯಕ ಗಂಟಲು ಹರಿಯುವಂತೆ ಕೂಗಿ ತೋರಿಸಿದ. ಇನ್ನೊಬ್ಬ ಎತ್ತಿದ. ಹಸು ಹೋಯಿತು, ಎಣಿಸಿದ್ದಕ್ಕಿಂತ ಕಡಿಮೆಗೆ. ಮೂರನೆಯದೂ ಹಾಗೆಯೇ. ಹತ್ತನೆಯದರ ಹೊತ್ತಿಗೆ ಒಂದಷ್ಟು ಬಿಸಿಯೇರಿತು. ಆದರೂ ಆ ದಿನದ ಹರಾಜು ಯಾರೂ ನೆನೆಸಿಕೊಳ್ಳುವಂಥದಾಗಲಿಲ್ಲ. ಉಳಿದವರು ಕೊಂಡರು, ಕೊಳ್ಳುವ ಮುಂಚೆ ಕತ್ತಿನ ಹಿಂದೆ ನೋಡಿ ಕೊಂಡರು. ಕೊನೆಯಲ್ಲಿ ಹನ್ನೊಂದು ಬಂದಾಗ ನೋಂದಣಿ ತಳಿಯ ಜನ ಎದ್ದು ಕಾಫಿಗೆ ಹೋದರು. ಡಕೋಟಾದ ಒಬ್ಬ ಸಾಮಾನ್ಯ ದನಗಾರ, ಕಾಗದ ತನಗೆ ಯಾತಕ್ಕೂ ಬೇಡ ಎನ್ನುತ್ತಾ, ಅಷ್ಟನ್ನೂ ಒಟ್ಟಿಗೆ ಕೊಂಡ. ಕಿರಿಯ ಮೇಬೆಲ್ ಟ್ರೇಲರು ಹತ್ತುವಾಗ ಒಬ್ಬನ ಮೊಣಕಾಲಿಗೆ ಒದ್ದಳು. ಲೀಟಾ ಆ ಕಡೆ ನೋಡುತ್ತಾ ನಿಂತಿದ್ದಳು, ಅಳಲಿಲ್ಲ.

ಸ್ಟಕ್ಕಿ ಅಂದು ಏನನ್ನೂ ಕೊಳ್ಳಲಿಲ್ಲ. ಟ್ರೇಲರುಗಳು ಹೊರಡುವಾಗ ಅವನು ಅವಳ ಪಕ್ಕ ಬಂದು ನಿಂತ.

"ನನ್ನ ಹತ್ರ ಆ ಹೋರಿ ಮಕ್ಕಳು, ಮೊಮ್ಮಕ್ಕಳು ಮೂವತ್ತರ ಮೇಲಿದಾವೆ, ಮಿಸ್ ಡಿಟ್‌ಮರ್. ಎಲ್ಲದರ ಕಾಗದ ವಾಪಸ್ ಕಳಿಸ್ಬೇಕು. ಕೊಂಡೋರಿಗೆ ನಾನೂ ಹೋಗಿ ಹೇಳ್ಬೇಕು."

"ಗೊತ್ತು."

"ಊಟಕ್ಕೆ ಮುಂಚೆ ಹೇಳಿದ್ರೆ ನಾ ಹೊರಟುಬಿಡ್ತಿದ್ದೆ."

"ಆಮೇಲೆ ಯಾಕೆ ಹೋಗ್ಲಿಲ್ಲ?"

"ಕಾಲು ಏಳ್ಲಿಲ್ಲ." ಅವನು ದವಡೆ ಬಿಗಿಹಿಡಿದ. "ಥ್ಯಾಂಕ್ಸ್ ಗೀಂಕ್ಸ್ ಹೇಳಲ್ಲ ನಾನು."

"ಹೇಳ್ಬೇಡಿ."

ಅವನು ಸ್ವಲ್ಪ ಹೊತ್ತು ಟ್ರೇಲರುಗಳನ್ನೇ ನೋಡಿದ. ಆಮೇಲೆ ಹೇಳಿದ, ಆ ಮೂವತ್ತನ್ನೂ ಒಮ್ಮೆಗೇ ಕಟುಕರಿಗೆ ಕೊಡಲು ಮನಸ್ಸಿಲ್ಲ. ಅವುಗಳಲ್ಲಿ ಒಳ್ಳೆಯದನ್ನು ಆರಿಸಿ, ಕಾಗದವಿಲ್ಲದ ಮಂದೆಯಾಗಿ ಬೇರೆ ಗುಡ್ಡದಲ್ಲಿ ಬಿಡಬೇಕು. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ನೋಡಲು ಕಣ್ಣಿರುವವರು ಬೇಕು. ಅವಳು ಬರುತ್ತಾಳೆಯೇ?

"ಒಂಬತ್ತು ವರ್ಷ ನನ್ನ ಕಣ್ಣಿಗೆ ಏನು ಕಾಣಿಸ್ಲಿಲ್ಲ ಅಂತ ಈಗ್ತಾನೆ ಕೇಳಿದ್ರಲ್ಲ," ಎಂದಳು ಲೀಟಾ.

"ಹಸು ವಿಷಯದಲ್ಲಿ ಕಾಣಿಸ್ತು. ಒಳ್ಳೇ ಕರು ಅಂದ್ರಿ, ಒಳ್ಳೇದೇ ಆಗಿತ್ತು. ಕಾಣದೆ ಹೋಗಿದ್ದು ತಮ್ಮನ ವಿಷಯದಲ್ಲಿ." ಅವನು ಟೋಪಿ ಸರಿಮಾಡಿಕೊಂಡ. "ಗುರುವಾರ ಬನ್ನಿ. ಅವರನ್ನೂ ಕರ್ಕೊಂಡು ಬನ್ನಿ. ಬೈಯೋದು ಬಾಕಿ ಇದೆ."

ಅವನು ಹೋದ ಮೇಲೆ ಲೀಟಾ ದೊಡ್ಡಿಯ ಕಡೆ ನಡೆದಳು. ಗೇಟುಗಳೆಲ್ಲ ತೆರೆದಿದ್ದವು, ಮುಚ್ಚುವ ಅಗತ್ಯ ಯಾವುದಕ್ಕೂ ಇರಲಿಲ್ಲ. ಆರ್ಡನ್ ನೀರಿನ ತೊಟ್ಟಿಯ ಅಂಚಿಗೆ ಕೂತು ದೂಳಿಗೆಂದು ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತಿದ್ದ. ಹಿಂದಿನ ರಾತ್ರಿಯೂಟದ ನಂತರ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ.

"ಗುರುವಾರ ವಯೋಮಿಂಗ್‌ಗೆ ಹೋಗ್ಬೇಕು," ಎಂದಳು. "ಸ್ಟಕ್ಕಿಗೆ ನಿನ್ನ ಬೈಬೇಕಂತೆ."

"ಬೈಸ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ?"

"ಹೋಗ್ಬೇಕು."

ಅವನು ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಆ ಊರಿಗೆ ಮಧ್ಯಾಹ್ನದೊಳಗೆ ತಲುಪಬೇಕಾದರೆ ಬೆಳಗಾಗುವ ಮೊದಲೇ ಹೊರಡಬೇಕು ಎಂದ. ಆಗಲಿ ಎಂದಳು. ಗಾಡಿಯ ಎಣ್ಣೆ ಬದಲಿಸಿ ಬಹಳ ದಿನವಾಯಿತು, ನಾಳೆ ಬದಲಿಸುತ್ತೇನೆ ಎಂದ. ಅವಳು ಅವನ ಪಕ್ಕ, ತೊಟ್ಟಿಯ ಒದ್ದೆಯಿಲ್ಲದ ಕಡೆ ನೋಡಿ ಕೂತಳು.